ನಾಟಕ ಮಾಡೋರಿಗೂ ನೋಡೋರಿಗೂ: ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬಳ್ಳಾರಿಯ ಒಂದು ಹವ್ಯಾಸಿ ತಂಡ. ಒಬ್ಬ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್, ಒಬ್ಬಾಕೆ ಹೈಸ್ಕೂಲ್ ಟೀಚರ್, ಇಬ್ಬರು ಕಾಲೇಜು ಹುಡುಗರು, ನಾನು ಅಂಗಡಿ ಲೆಕ್ಕ ಬರೆಯುವವನು. ಇನ್ನೂ ನಾಲ್ಕೈದು ಜನ ಬಂದು ಹೋಗುವವರು. ಸಂಜೆ 7 ಆದರೆ ಒಂದು ಶಾಲೆಯ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತರಿಸಿ ತಾಲೀಮು ಶುರು. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯಿಂದಲೂ ಫೋನ್ ಬರುತ್ತವೆ, ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ಇದರಲ್ಲಿ ಅರ್ಧ ನನ್ನ ಹಠ. ನಮ್ಮ ತಂಡದವರೇ ಎಲ್ಲವನ್ನೂ ಒಪ್ಪುವುದಿಲ್ಲ.

ನಾನು ಯಾವತ್ತೂ ಸ್ಟೇಜ್ ಹತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಸುಮ್ನೆ ಒಂದು ವಾರ ತಾಲೀಮಿಗೆ ಬಂದು ಕೂರಿ. ನಮ್ಮಲ್ಲಿ ಹೊಸಬರ ಮೊದಲ ಕೆಲಸ ಪುಸ್ತಕ ಹಿಡಿಯೋದು. ಅಂದರೆ ನಾಟಕದ ಪ್ರತಿ ಕೈಯಲ್ಲಿ ಇಟ್ಟುಕೊಂಡು, ನಟರು ಹೇಳುವುದನ್ನು ಸಾಲು ಸಾಲಾಗಿ ಬೆರಳಿಟ್ಟು ನೋಡುತ್ತಾ ಹೋಗೋದು. ಇದೇನು ಚಾಕರಿ ಅಂತ ಕೆಲವರು ಮುನಿಸಿಕೊಳ್ಳುತ್ತಾರೆ. ಆದರೆ ಪುಸ್ತಕ ಹಿಡಿದವನಿಗೆ ಮೂರೇ ದಿನದಲ್ಲಿ ಎಲ್ಲ ಗೊತ್ತಾಗುತ್ತದೆ. ಯಾರು ಸಾಲಿನ ಕೊನೆ ನುಂಗುತ್ತಾರೆ, ಯಾರು ಎದುರಿನವರ ಮಾತು ಮುಗಿಯುವ ಮುಂಚೆಯೇ ತಮ್ಮ ಮಾತಿಗೆ ಬಾಯಿ ತೆರೆದುಕೊಂಡು ನಿಂತಿರುತ್ತಾರೆ, ಎಲ್ಲ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ನೋಡಿ. "ನಾನು ಅವನನ್ನು ನಿನ್ನೆ ರಾತ್ರಿ ಬಾವಿ ಹತ್ತಿರ" ಅಂತ ಜೋರಾಗಿ ಹೇಳಿ ಕೊನೆಯ ಪದ ನುಂಗಿದರೆ, ಕಂಡನೋ ಕೊಂದನೋ ಮೂರನೇ ಸಾಲಿನಲ್ಲಿ ಕೂತವರಿಗೂ ತಿಳಿಯುವುದಿಲ್ಲ. ನಮ್ಮ ಕಡೆ ನಾಟಕ ಕೆಡೋದು ನಟನೆ ಬರದೆ ಅಲ್ಲ, ಮಾತು ಕೇಳಿಸದೆ. ಮುಂದೆ ಯಾವ ಪ್ರಶ್ನೆಗೆ ಉತ್ತರ ಹೇಳಿದರೂ ನಾನು ತಿರುಗಿ ಇಲ್ಲಿಗೇ ಬರುತ್ತೇನೆ, ಬೇಜಾರಾಗಬೇಡಿ.

"ತುಘಲಕ್" ಮಾಡೋಣ ಅಂತಿದ್ದೀವಿ. ಮೊದಲ ನಾಟಕಕ್ಕೆ ಆಗುತ್ತಾ?

ಎಲ್ಲ ಹುಡುಗರ ಬಾಯಲ್ಲೂ ಮೊದಲು ಬರುವ ಹೆಸರು ಅದೇ. ಗಿರೀಶ ಕಾರ್ನಾಡರ 1964ರ ನಾಟಕ. 13 ದೃಶ್ಯ, 1327ರಿಂದ ಐದು ವರ್ಷದ ಕಥೆ, ಪಾತ್ರಗಳ ದಂಡೇ ಇದೆ. ತೊಂದರೆ ಏನಂದರೆ ತಂಡದಲ್ಲಿ ಎಲ್ಲರಿಗೂ ಸುಲ್ತಾನನೇ ಆಗಬೇಕು. ನನ್ನ ಕೇಳಿದರೆ ಅಗಸ ಅಜೀಜ್‌ನ ಪಾತ್ರ ಸಿಕ್ಕವನೇ ಪುಣ್ಯವಂತ. ಬ್ರಾಹ್ಮಣನ ವೇಷ ಹಾಕಿಕೊಂಡು ಸುಲ್ತಾನನ ಮೇಲೇ ಕೇಸು ಹಾಕಿ ಗೆಲ್ಲುವವನು ಅವನು.

ಇಡೀ ನಾಟಕ ಬೇಡ, ಮೊದಲ ದೃಶ್ಯವನ್ನಷ್ಟೇ ಒಂದು ತಿಂಗಳು ಮಾಡಿ ನೋಡಿ. ನ್ಯಾಯಾಲಯದ ಮುಂದೆ ಜನ ಸೇರಿದ್ದಾರೆ. ಒಬ್ಬ ಮುದುಕ ಬೈಯುತ್ತಾನೆ, ಒಬ್ಬ ಹುಡುಗ ಹೊಗಳುತ್ತಾನೆ. ಗುಂಪಿನಲ್ಲಿ ನಿಂತು ಏನೂ ಮಾತಿಲ್ಲದೆ ಕೇಳಿಸಿಕೊಳ್ಳುವ ಕೆಲಸ ಎಷ್ಟು ಕಷ್ಟ ಅಂತ ಅಲ್ಲಿ ತಿಳಿಯುತ್ತದೆ.

ಪೂರ್ತಿ ನಾಟಕವೇ ಬೇಕು ಅಂದರೆ ಚಂದ್ರಶೇಖರ ಕಂಬಾರರ "ಜೋಕುಮಾರಸ್ವಾಮಿ" ನೋಡಿ. 1972ರದ್ದು. ಭಾದ್ರಪದದಲ್ಲಿ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರನನ್ನು ಕೂರಿಸಿ, ತುಟಿಗೆ ಬೆಣ್ಣೆ ಹಚ್ಚಿ, ಮನೆ ಮನೆ ಮುಂದೆ ಹಾಡುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಜನ ಕಣ್ಣಾರೆ ನೋಡಿದ್ದಾರೆ. ಬೆಂಗಳೂರಿನಲ್ಲಿ ವಿವರಿಸಬೇಕಾದ್ದನ್ನು ಇಲ್ಲಿ ವಿವರಿಸಬೇಕಿಲ್ಲ. ಒಂದೇ ಷರತ್ತು, ತಂಡದಲ್ಲಿ ನಿಜವಾಗಿ ಹಾಡಲು ಬರುವವರು ಇಬ್ಬರಾದರೂ ಇರಬೇಕು.

ಕೈಲಾಸಂ ಅವರ "ಟೊಳ್ಳು ಗಟ್ಟಿ" ಸುಲಭ ಅಂದುಕೊಂಡು ಬಹಳ ಮಂದಿ ಎತ್ತಿಕೊಳ್ಳುತ್ತಾರೆ. ಒಂದೇ ಮನೆ, ಸಣ್ಣ ನಾಟಕ ಅಂತ. ನಾವೂ ಎತ್ತಿಕೊಂಡೆವು. ಆ ಹಳೇ ಮೈಸೂರಿನ ಇಂಗ್ಲಿಷ್ ಬೆರೆತ ಕನ್ನಡ ನಮ್ಮ ನಾಲಿಗೆಗೆ ಹತ್ತಲೇ ಇಲ್ಲ. ಹದಿನೈದು ದಿನ ಬಡಿದಾಡಿ ಬಿಟ್ಟೆವು.

ಬಯಲಾಟ, ಕಂಪನಿ ನಾಟಕ, ನೀವು ಮಾಡೋ ನಾಟಕ, ಏನು ವ್ಯತ್ಯಾಸ?

ದೊಡ್ಡಾಟ ಬಯಲಾಟದ್ದೇ ಒಂದು ಬಗೆ. ಅದರಲ್ಲಿ ರಾಜ ಕುಣಿಯುತ್ತಾ ಬರುತ್ತಾನೆ. ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲ ಜಗಜಗ. ಸಾರಥಿ ತಡೆದು ತಾವು ಯಾರು ಅಂತ ಕೇಳುತ್ತಾನೆ. ಆಗ ರಾಜ ತನ್ನ ಪರಿಚಯ ತಾನೇ ಹೇಳುತ್ತಾನೆ. ಹಿಂದೆ ಭಾಗವತರು, ಮದ್ದಳೆ, ತಾಳ, ಹಾರ್ಮೋನಿಯಂ. ಗಣಪತಿ ಪೂಜೆಯಿಂದ ಶುರುವಾದರೆ ಬೆಳಗು ಹರಿಯುವವರೆಗೂ ಆಟ. ಮೈಕಿಲ್ಲದ ಕಾಲದಲ್ಲಿ ಬಯಲಲ್ಲಿ ಕೂತ ಜನಕ್ಕೆಲ್ಲ ಮುಟ್ಟಬೇಕಲ್ಲ, ಮಾತು ಹಾಡಿನ ಅಂಚಿಗೆ ಬಂದು ನಿಲ್ಲುತ್ತದೆ. ಅದನ್ನು "ಕಿರುಚಾಟ" ಅನ್ನುವವರು ಒಮ್ಮೆ ಕಣ್ಣು ಮುಚ್ಚಿ ಕೇಳಲಿ. ಒಂದಕ್ಷರ ಬಿಟ್ಟುಹೋಗಿರುವುದಿಲ್ಲ.

ಕಂಪನಿ ನಾಟಕ ಅಂದರೆ ಜಾತ್ರೆಯ ಟೆಂಟು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋದವರಿಗೆ ಹೇಳಬೇಕಿಲ್ಲ. ಬಣ್ಣದ ಪರದೆ, ಮಧ್ಯೆ ಮಧ್ಯೆ ಹಾಸ್ಯ, ಹಾಡು ಚೆನ್ನಾಗಿ ಬಂದರೆ ಹಿಂದಿನಿಂದ "ಒನ್ಸ್ ಮೋರ್". ಡಬಲ್ ಮೀನಿಂಗ್ ಜಾಸ್ತಿ ಆಯಿತು ಅನ್ನೋ ದೂರು ಸುಳ್ಳಲ್ಲ. ಆದರೆ ಆ ನಟರ ಟೈಮಿಂಗ್ ನೋಡಿ ಬನ್ನಿ. ಜನ ನಗುವಾಗ ನಿಂತು, ನಗು ಇಳಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಮಾತು ಬಿಡುತ್ತಾರೆ. ನಾವು ಹವ್ಯಾಸಿಗಳು ನಗುವಿನ ಮೇಲೇ ಮಾತಾಡಿ ಎರಡನ್ನೂ ಕೊಲ್ಲುತ್ತೇವೆ.

ಕಂದಗಲ್ ಹನುಮಂತರಾಯರ "ರಕ್ತರಾತ್ರಿ" ಈಗಲೂ ನಮ್ಮ ಹಳ್ಳಿಗಳಲ್ಲಿ ಓಡುತ್ತದೆ. ಅದರ ದ್ರೌಪದಿ ಅಂದರೆ ನಮ್ಮ ಕಡೆ ಹಿರಿಯರಿಗೆ ನೆನಪಾಗೋದು ಸುಭದ್ರಮ್ಮ ಮನ್ಸೂರು. 2020ರಲ್ಲಿ ತೀರಿಕೊಂಡರು.

ಇನ್ನು ನಾವು. ಪರದೆ ಇಲ್ಲ, ಎರಡು ಪೆಟ್ಟಿಗೆ, ಒಂದು ಹಗ್ಗ ಇಟ್ಟುಕೊಂಡು ಅರಮನೆ ಅನ್ನುತ್ತೇವೆ. ದುಡ್ಡಿಲ್ಲದ್ದಕ್ಕೆ ಹಾಗೆ ಮಾಡಿದರೂ ಜನ ಅದನ್ನು ಪ್ರಯೋಗ ಅನ್ನುತ್ತಾರೆ.

ಬಳ್ಳಾರಿಗೂ ನಾಟಕಕ್ಕೂ ಹಳೇ ನಂಟು ಅಂತಾರೆ, ಹೌದಾ?

ಹೌದು, ಆದರೆ ಅದರ ದೊಡ್ಡ ಪಾಲು ತೆಲುಗಿನದು. ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮ ಸಭಾ, ಎರಡೂ ಬಳ್ಳಾರಿಯವೇ. ಇಬ್ಬರೂ ವಕೀಲರು. ದೊಡ್ಡ ನಟ ಅನ್ನಿಸಿಕೊಂಡ ಬಳ್ಳಾರಿ ರಾಘವರೂ (1880–1946) ವಕೀಲರೇ. ಕೋರ್ಟಿನಲ್ಲಿ ವಾದ ಮಾಡಿ ಗಂಟಲು ಪಳಗಿತ್ತೇನೋ, ಗೊತ್ತಿಲ್ಲ. ನಮ್ಮೂರಲ್ಲಿ ಕನ್ನಡ ತೆಲುಗು ಒಂದೇ ಚಹಾದಂಗಡಿಯಲ್ಲಿ ಕೂರುತ್ತವೆ, ನಾಟಕದಲ್ಲೂ ಹಾಗೇ.

ರಾಯಚೂರು, ಬಳ್ಳಾರಿ ಮಾತಿನಲ್ಲೇ ನಾಟಕ ಮಾಡಬಹುದಾ? ಗ್ರಂಥದ ಭಾಷೆ ಬಾಯಿಗೆ ಬರಲ್ಲ.

ನಾಟಕದ ಮೇಲೆ ಹೋಗುತ್ತದೆ. ಕಂಬಾರರ ಮಾತು ಮೊದಲೇ ಉತ್ತರ ಕರ್ನಾಟಕದ್ದು, ಆದರೆ ಬೆಳಗಾವಿ ಕಡೆಯದು. ಅದನ್ನು ಅನುಕರಿಸಲು ಹೋಗಿ ಸಿನಿಮಾದ ಕಾಮಿಡಿಯನ್ ಥರ ಆಗಬೇಡಿ, ನಿಮ್ಮ ಊರಿನ ಎಳೆತ ಇರಲಿ. ಸಂಸ್ಕೃತದಿಂದ ಬಂದ ನಾಟಕವನ್ನು ಪೂರ್ತಿ "ಐತಿ, ಹೋಗ್ಯಾನ" ಮಾಡಿದರೆ ಮಾತ್ರ ಜನ ನಗುತ್ತಾರೆ, ದುಃಖದ ಜಾಗದಲ್ಲೇ.

ನಾವು ಮಧ್ಯದ ಒಂದು ದಾರಿ ಕಂಡುಕೊಂಡಿದ್ದೇವೆ. ಸಂಸ್ಕೃತ ನಾಟಕಕಾರ ಭಾಸನ "ಊರುಭಂಗ" ತೆಗೆದುಕೊಂಡಿದ್ದೆವು. ಅದರಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನ ಹತ್ತಿರ ಅವನ ಪುಟ್ಟ ಮಗ ದುರ್ಜಯ ಬರುತ್ತಾನೆ. ದಿನದ ಹಾಗೆ ಅಪ್ಪನ ತೊಡೆ ಮೇಲೆ ಕೂರಲು ಹೋಗುತ್ತಾನೆ. ಅಪ್ಪ ಬೇಡ ಅನ್ನಬೇಕು. ನಮ್ಮ ಕಟಿಂಗ್ ಮಾಸ್ಟರ್ ಆ ಸಾಲನ್ನು ವಾರಗಟ್ಟಲೆ ನೋಟೀಸ್ ಓದಿದ ಹಾಗೆ ಓದಿದ. ಒಂದಿನ ಟೀಚರಮ್ಮ, "ಪುಸ್ತಕ ಇಡ್ರೀ ಅಣ್ಣಾ. ನಿಮ್ಮ ಮಗ ಬಂದ್ರ ಏನಂತೀರಿ, ಅದನ್ನ ಹೇಳ್ರಿ" ಅಂದರು. ಅವನ ಮನೆಯಲ್ಲೂ ನಾಲ್ಕು ವರ್ಷದ ಹುಡುಗ ಇದ್ದಾನೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆತ್ತಗೆ ಹೇಳಿದ: "ಬ್ಯಾಡಪ. ಇವತ್ತು ತೊಡಿ ಮ್ಯಾಲೆ ಕುಂದ್ರಬ್ಯಾಡ." ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಆಮೇಲೆ ಅದೇ ಉಸಿರಲ್ಲಿ ಪುಸ್ತಕದ ಸಾಲು ಹೇಳಿಸಿದೆವು. ಬಂತು. ಅಲ್ಲಿಂದಾಚೆ ಯಾವ ನಾಟಕವಾದರೂ ಮೊದಲ ವಾರ ಮನೆ ಮಾತಿನಲ್ಲಿ ದೃಶ್ಯ ಹೇಳಿ, ಆಮೇಲೆ ಪುಸ್ತಕಕ್ಕೆ ಬರುತ್ತೇವೆ.

ಹ, ಭ, ಧ ಮಾತ್ರ ಬಿಡಬೇಡಿ. "ಅಸ್ತಿನಾವತಿ" ಅಂದರೆ ಮುಂದಿನ ಸಾಲಿನಲ್ಲಿ ಒಬ್ಬರಾದರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ನಾಟಕ ಆಡೋಕೆ ಯಾರ ಅನುಮತಿ ಬೇಕು?

ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಕೈಲಾಸಂ 1946ರಲ್ಲಿ ತೀರಿಕೊಂಡರು, ಅವರ ನಾಟಕ ಯಾರು ಬೇಕಾದರೂ ಆಡಬಹುದು. ಕುವೆಂಪು 1994, ಕಾರ್ನಾಡ್ 2019, ಅವರದ್ದಕ್ಕೆ ಹಕ್ಕಿನವರನ್ನು ಕೇಳಬೇಕು. ಎಲ್ಲರೂ ಎಡವೋದು ಅನುವಾದದಲ್ಲಿ. ಶೇಕ್ಸ್‌ಪಿಯರ್‌ಗೆ ಹಕ್ಕಿಲ್ಲ ನಿಜ, ಆದರೆ ನೀವು ಆಡುತ್ತಿರುವ ಕನ್ನಡ ಅನುವಾದಕ್ಕೆ ಇದೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಿದರೆ ಕಾನೂನಿನಲ್ಲಿ ವಿನಾಯಿತಿ ಉಂಟು. ಆದರೂ ಒಂದು ಪತ್ರ ಬರೆಯಿರಿ. ಕೇಳಿದರೆ ಬಹಳಷ್ಟು ಲೇಖಕರು ಖುಷಿಪಡುತ್ತಾರೆ, ಕೇಳದಿದ್ದರೆ ಬೇಜಾರಾಗೋದು ಸಹಜ ಅಲ್ವಾ?

ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಸ್ಪೀಕರ್ ಹಾಕುವ ಹಾಗಿಲ್ಲ. ಹಬ್ಬದ ಕೆಲವು ದಿನಕ್ಕೆ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲ ಕೊಡಬಹುದು, ಅಷ್ಟೇ. ಬೆಳತನಕದ ಬಯಲಾಟಕ್ಕೆ ಇದೊಂದು ದೊಡ್ಡ ತಲೆನೋವು.

ಎಷ್ಟು ದಿನ ತಾಲೀಮು ಬೇಕು?

ದಿನಕ್ಕೆ ಎರಡು ಗಂಟೆಯಂತೆ 45 ದಿನ. ಮೊದಲ ಹತ್ತು ದಿನ ಯಾರೂ ಎದ್ದು ನಿಲ್ಲುವ ಹಾಗಿಲ್ಲ, ಕೂತು ಓದೋದಷ್ಟೇ. ಹತ್ತಿ ಬಿಡಿಸುವ ಸಮಯ, ಭತ್ತದ ಕೊಯ್ಲು, ಪರೀಕ್ಷೆ, ಮದುವೆ ಸೀಸನ್ ಇವೆಲ್ಲ ಬಿಟ್ಟು ಲೆಕ್ಕ ಹಾಕಿ.

ಮಾತು ಮರೆತುಹೋದರೆ?

ಮರೆಯುತ್ತದೆ. ಸೈಡ್ ವಿಂಗಿನಲ್ಲಿ ಪ್ರಾಂಪ್ಟ್ ಕೊಡುವವನನ್ನು ನಂಬಬೇಡಿ. ನನ್ನದೇ ಕಥೆ ಕೇಳಿ. ಕೊಪ್ಪಳ ಕಡೆ ಒಂದು ಹಳ್ಳಿ, ಮೇಲೆ ಮೈಕ್ ನೇತುಹಾಕಿದ್ದರು. ನನಗೆ ಸಾಲು ಹಾರಿತು. ವಿಂಗಿನಿಂದ ನಮ್ಮ ಹುಡುಗ ಪಿಸುಗುಟ್ಟಿದ. ಅವನ ಪಕ್ಕದಲ್ಲೇ ಇನ್ನೊಂದು ಮೈಕ್ ಇತ್ತು. ನನಗೆ ಬಿಟ್ಟು ಇಡೀ ಊರಿಗೆ ಕೇಳಿಸಿತು. ಮುಂದೆ ಚಾಪೆ ಮೇಲೆ ಕೂತಿದ್ದ ಒಬ್ಬ ಅಜ್ಜ, "ಹೇಳಪ, ಅವ ಅಷ್ಟು ಸರ್ತಿ ಹೇಳಾಕತ್ಯಾನ" ಅಂದ. ಹೇಳಿದೆ. ಆ ದಿನದ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.

ಸಾಲನ್ನು ಬಾಯಿಪಾಠ ಮಾಡುವಾಗ ನಿಮ್ಮದಷ್ಟೇ ಮಾಡಬೇಡಿ, ಅದಕ್ಕೆ ಮುಂಚಿನ ಎದುರಿನವರ ಸಾಲನ್ನೂ ಮಾಡಿ. ಎದುರಿನವರು ಏನು ಹೇಳಿದರು ಅಂತ ನಿಜವಾಗಿ ಕೇಳಿಸಿಕೊಂಡರೆ ಮುಕ್ಕಾಲು ಪಾಲು ಉತ್ತರ ತಾನಾಗೇ ಬರುತ್ತದೆ. ಪದ ಬದಲಾದರೂ ಅರ್ಥ ಕೆಡುವುದಿಲ್ಲ. ತಲೆ ಎತ್ತಿ ಆಕಾಶ ನೋಡಿದಿರೋ, ಸಿಕ್ಕಿಬಿದ್ದಿರಿ.

ಸ್ಟೇಜ್ ಮೇಲೆ ಕೈ ಎಲ್ಲಿ ಇಡೋದು?

ಎಲ್ಲಿದೆಯೋ ಅಲ್ಲೇ ಇರಲಿ. ಇದಕ್ಕಿಂತ ಜಾಸ್ತಿ ಹೇಳೋಕೆ ಏನೂ ಇಲ್ಲ. ಕೈಗೆ ಕೆಲಸ ಕೊಟ್ಟರೆ, ಅಂದರೆ ಕಡ್ಡಿ ಮುರಿಯೋದು, ಅಕ್ಕಿ ಆರಿಸೋದು, ಪ್ರಶ್ನೆಯೇ ಹುಟ್ಟುವುದಿಲ್ಲ.

ಹೆಣ್ಣು ಪಾತ್ರಕ್ಕೆ ಯಾರೂ ಸಿಗಲ್ಲ. ಏನು ಮಾಡೋದು?

ಸಿಗಲ್ಲ ಅನ್ನೋದಕ್ಕಿಂತ ಬರುವ ಹಾಗೆ ನಾವು ಇಟ್ಟುಕೊಂಡಿಲ್ಲ ಅನ್ನಿ. ಬಟ್ಟೆ ಬದಲಿಸಲು ಚಿಲಕ ಇರುವ ಕೋಣೆ ಇದೆಯಾ? ರಾತ್ರಿ ಮನೆ ತನಕ ಬಿಡುವ ಏರ್ಪಾಡು ಇದೆಯಾ? ತಾಲೀಮಿಗೆ ತಮ್ಮನನ್ನೋ ಅತ್ತೆಯನ್ನೋ ಕರೆದುಕೊಂಡು ಬಂದರೆ ಅವರಿಗೂ ಒಂದು ಚಹಾ ಕೊಡ್ತೀರಾ? ಹಳ್ಳಿ ನಾಟಕಕ್ಕೆ ಕಲಾವಿದೆಯರನ್ನು ಕರೆಸುವವರಿಗೆ ಇನ್ನೊಂದು ಮಾತು: ಸಂಭಾವನೆ ಮೊದಲೇ ಮಾತಾಡಿ, ಆಟ ಮುಗಿದ ಕೂಡಲೇ ಕೊಡಿ. ಬೆಳಗಿನ ಜಾವದ ಬಸ್ ಸ್ಟ್ಯಾಂಡಿನಲ್ಲಿ ಬಾಕಿ ದುಡ್ಡಿಗೆ ಫೋನ್ ಮಾಡುತ್ತಾ ಕೂತವರನ್ನು ನಾನೇ ನೋಡಿದ್ದೇನೆ.

ಗಂಡಸರು ಸಿಗದಿದ್ದರೆ ಹೆಂಗಸರೇ ಎಲ್ಲ ಪಾತ್ರ ಮಾಡಬಹುದು, ಹೊಸದೇನಲ್ಲ. ಆರ್. ನಾಗರತ್ನಮ್ಮ 1958ರಲ್ಲಿ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ರಾವಣನ ಪಾತ್ರ ಮಾಡಿದವರು.

ಮೈಕು, ಲೈಟು, ಮೇಕಪ್?

ಮೊದಲು ಮೈಕಿಲ್ಲದೆ ಮಾಡಿ ನೋಡಿ. ಸಭಾಂಗಣದ ಕೊನೇ ಸಾಲಿನಲ್ಲಿ ಒಬ್ಬರನ್ನು ಕೂರಿಸಿ, ಕೇಳಿಸದಿದ್ದಾಗ ಕೈ ಎತ್ತಲಿ. ಖಾಲಿ ಹಾಲ್ ಗುಂಯ್ ಅನ್ನುತ್ತದೆ, ಜನ ತುಂಬಿದ ಮೇಲೆ ಸದ್ದು ಹೀರಿಕೊಳ್ಳುತ್ತದೆ, ಆದ್ದರಿಂದ ಮಧ್ಯಾಹ್ನದ ಟೆಸ್ಟಿಂಗ್ ನಂಬಿ ಮೋಸಹೋಗಬೇಡಿ. ಜನರೇಟರ್ ಸ್ಟೇಜಿನ ಹಿಂದೆ ಇಡಬೇಡಿ, ದೂರ ಇಡಿ. ಫ್ಯಾನು ಆಫ್ ಮಾಡಿದರೆ ಮಾತು ಕೇಳುತ್ತದೆ, ಆದರೆ ಏಪ್ರಿಲ್‌ನಲ್ಲಿ ರಾಯಚೂರಿನಲ್ಲಿ ಫ್ಯಾನು ಆಫ್ ಮಾಡಿ ಬದುಕಿ ಬರುತ್ತೀರಾ? ಬೇಸಿಗೆಯಲ್ಲಿ ಸೂರ್ಯ ಮುಳುಗಿದ ಮೇಲೆ ಬಯಲಲ್ಲೇ ಆಡಿ.

ಲೈಟು ಮುಖಕ್ಕೆ ಬೀಳಲಿ ಸಾಕು. ಬಾಯಿ ಕಾಣದಿದ್ದರೆ ಮಾತೂ ಅರ್ಧ ಕೇಳಿಸುತ್ತದೆ, ಇದು ನಿಜ. ಬಣ್ಣ ಬಣ್ಣದ ಎಲ್‌ಇಡಿ ಇದೆ ಅಂತ ಸೀತೆಯನ್ನು ನೇರಳೆ ಮಾಡಬೇಡಿ. ಮೀಸೆ ಅಂಟಿಸುವ ಮುಂಚೆ ಮೇಲ್ತುಟಿಯ ಬೆವರು ಒರೆಸಿಕೊಳ್ಳಿ, ಇಲ್ಲಾಂದ್ರೆ ಎರಡನೇ ದೃಶ್ಯಕ್ಕೆ ಭೀಮನ ಮೀಸೆ ಗಲ್ಲದ ಮೇಲಿರುತ್ತದೆ.

ಹಳೇ ಸಂಸ್ಕೃತ, ಗ್ರೀಕ್ ನಾಟಕ ಈಗ ಯಾರಿಗೆ ಬೇಕು?

ಇದನ್ನು ಕೇಳುವವರಿಗೆ ಒಂದೇ ರಾತ್ರಿಯ ಕಥೆ ಹೇಳುತ್ತೇನೆ. ಕುರುಕ್ಷೇತ್ರ ಮುಗಿದಿದೆ, ದುರ್ಯೋಧನ ಬಿದ್ದಿದ್ದಾನೆ, ಅಶ್ವತ್ಥಾಮ ಮಲಗಿದ್ದ ಮಕ್ಕಳನ್ನು ಕೊಲ್ಲುತ್ತಾನೆ. ಭಾಸ "ಊರುಭಂಗ"ದಲ್ಲಿ ಇದರ ಹೊಸ್ತಿಲಲ್ಲಿ ನಿಲ್ಲುತ್ತಾನೆ. ರಂಗದ ಮೇಲೆ ಸಾವು ತೋರಿಸಬಾರದು ಅನ್ನೋ ಪದ್ಧತಿ ಮೀರಿ ದುರ್ಯೋಧನ ಜನರ ಎದುರೇ ಸಾಯುತ್ತಾನೆ, ಅದೂ ಹಗೆ ಸಾಕು ಅನ್ನುತ್ತಾ. ಬಿ.ಎಂ.ಶ್ರೀ 1929ರಲ್ಲಿ "ಅಶ್ವತ್ಥಾಮನ್" ಬರೆದಾಗ ಗ್ರೀಕ್ ನಾಟಕಕಾರ ಸೊಫೋಕ್ಲೀಸನ "ಅಯಾಸ್" ಎದುರಿಗೆ ಇಟ್ಟುಕೊಂಡರು. ಚಿರಂಜೀವಿ ಅನ್ನಿಸಿಕೊಂಡ ಅಶ್ವತ್ಥಾಮನನ್ನೇ ಸಾಯಿಸಿಬಿಟ್ಟರು. ಕಂದಗಲ್ಲರು ಅದೇ ರಾತ್ರಿಯನ್ನು "ರಕ್ತರಾತ್ರಿ" ಅನ್ನೋ ಕಂಪನಿ ನಾಟಕ ಮಾಡಿ ಹಾಡು, ಅಬ್ಬರ ಎಲ್ಲ ಸೇರಿಸಿ ಹಳ್ಳಿಗೆ ತಂದರು. ಮೂರನ್ನೂ ಒಂದು ತಿಂಗಳಲ್ಲಿ ಓದಿ. ನಾಟಕಕಾರ ಅಂದರೆ ಕಥೆ ಹುಟ್ಟಿಸುವವನಲ್ಲ, ಯಾವ ಬಾಗಿಲಿನಿಂದ ಒಳಗೆ ಹೋಗೋದು ಅಂತ ಆರಿಸುವವನು ಅಂತ ನನಗೆ ತಿಳಿದದ್ದು ಹಾಗೇ.

ಇನ್ನೊಂದು ಜೋಡಿ ನಮ್ಮ ನೆಲದ್ದು. ವಿಜಯನಗರ ಸೋತ 1565ರ ಯುದ್ಧ, ಅದರ ದಂಡು ನಡೆಸಿದ ಅಳಿಯ ರಾಮರಾಯ. ಬಳ್ಳಾರಿಯ ಕೋಲಾಚಲಂ ಶ್ರೀನಿವಾಸರಾಯರು ತೆಲುಗಿನಲ್ಲಿ "ರಾಮರಾಜು ಚರಿತ್ರ" ಬರೆದರು, ಅದರಲ್ಲಿ ಪಠಾಣ ರುಸ್ತುಂ ಆಗಿ ರಾಘವರು ಹೆಸರು ಮಾಡಿದರು. ಕಾರ್ನಾಡರು 2018ರಲ್ಲಿ ಅದೇ ರಾಮರಾಯನ ಮೇಲೆ "ರಾಕ್ಷಸ ತಂಗಡಿ" ತಂದರು. ಹಂಪಿಯ ಕಲ್ಲುಗಳನ್ನು ಶಾಲೆ ಟ್ರಿಪ್ಪಿನಲ್ಲಿ ಮುಟ್ಟಿ ಬಂದ ಪ್ರೇಕ್ಷಕರ ಮುಂದೆ ಇದನ್ನು ಆಡುವಾಗ ಸೆಟ್ ಹಾಕಬೇಕಾ ಅಂತ ನಮ್ಮಲ್ಲಿ ಈಗಲೂ ಜಗಳ ನಡೆದಿದೆ. ನಾನು ಬೇಡ ಅನ್ನುವ ಪಾರ್ಟಿ.

ನಾಟಕ ನೋಡಿದೆ, ಏನೂ ಅರ್ಥ ಆಗಲಿಲ್ಲ. ತಪ್ಪು ನನ್ನದಾ?

ಅರ್ಧಕ್ಕರ್ಧ ಸಲ ನಮ್ಮದು. ಕೇಳಿಸದಿದ್ದರೆ ಎಲ್ಲಿಂದ ಅರ್ಥ ಆಗಬೇಕು? ಸರಿಯಾಗಿ ಕೇಳಿಸಿಯೂ ಗೊತ್ತಾಗದಿದ್ದರೆ ಕಥೆ ಹುಡುಕೋದು ಬಿಟ್ಟು ಒಂದು ಪಾತ್ರ ಹಿಡಿದುಕೊಳ್ಳಿ. ಅದು ಯಾರ ಮಾತಿಗೆ ತಿರುಗಿ ನೋಡುತ್ತದೆ, ಯಾರು ಬಂದಾಗ ಜಾಗ ಬಿಡುತ್ತದೆ, ಎಲ್ಲಿ ಸುಮ್ಮನಾಗುತ್ತದೆ. "ತುಘಲಕ್" ನೋಡುವಾಗ ಒಮ್ಮೆ ಸುಲ್ತಾನನನ್ನು ಬಿಟ್ಟು ಅಜೀಜ್‌ನ ಬೆನ್ನು ಹತ್ತಿ. ಸುಲ್ತಾನನ ಒಂದೊಂದು ಯೋಜನೆಯೂ ಅವನ ಕೈಯಲ್ಲಿ ವ್ಯಾಪಾರ ಆಗೋದು ಕಾಣುತ್ತದೆ. ಮನೆಗೆ ಹೋಗುವಾಗ ಜೊತೆಗಿದ್ದವರ ಹತ್ತಿರ ಜಗಳ ಆಡಿ. ಮುಂದೆ ಕೂತಿದ್ದ ನಮ್ಮ ದೊಡ್ಡಮ್ಮ ಒಂದು ಹೊಸ ನಾಟಕ ನೋಡಿ, "ಆ ಹುಡುಗಿ ನೀರು ಕೇಳಿದ್ಲು, ಯಾರೂ ಕೊಡ್ಲೇ ಇಲ್ಲ ನೋಡು" ಅಂದಿದ್ದರು. ನಿರ್ದೇಶಕರೇ ಅದನ್ನು ಗಮನಿಸಿರಲಿಲ್ಲ.

ಶಿಳ್ಳೆ ಹೊಡೀಬಹುದಾ? ಮಕ್ಕಳನ್ನು ಕರೆತರಬಹುದಾ?

ಹೊಡೀರಿ. ತನ್ನಿ. ಫೋನ್ ಮಾತ್ರ ಆಫ್, ಸೈಲೆಂಟ್ ಅಲ್ಲ, ಆಫ್. ಕತ್ತಲಲ್ಲಿ ನಿಮ್ಮ ಮುಖ ಬೆಳಗಿದರೆ ನಮಗೆ ಸ್ಟೇಜಿನಿಂದ ಕಾಣುತ್ತದೆ.

ಒಳ್ಳೇ ನಾಟಕ ಎಲ್ಲಿ ನೋಡಬಹುದು?

ಹೆಗ್ಗೋಡಿನ ನೀನಾಸಂ ನಾಟಕ ಸಂಸ್ಥೆಯವರ ತಿರುಗಾಟ ತಂಡ 1985ರಿಂದ ಊರೂರು ಸುತ್ತುತ್ತಿದೆ, ಹತ್ತಿರ ಬಂದರೆ ಬಿಡಬೇಡಿ. ಸರ್ಕಾರದ ನಾಟಕ ಸಂಸ್ಥೆ ಕಲಬುರಗಿ ರಂಗಾಯಣ ಇದೆ. ಬಳ್ಳಾರಿಯಲ್ಲಿ ರಾಘವ ಕಲಾಮಂದಿರ, ಜೋಳದರಾಶಿ ದೊಡ್ಡನಗೌಡ ರಂಗಮಂದಿರ, ರಾಯಚೂರಿನಲ್ಲಿ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರ, ಕೊಪ್ಪಳದಲ್ಲಿ ಸಾಹಿತ್ಯ ಭವನ. ಗೇಟಿನ ಬ್ಯಾನರ್ ನೋಡುತ್ತಿರಿ. ಆಗಸ್ಟ್ 2 ರಾಘವರ ಹುಟ್ಟಿದ ದಿನ, ಆ ಸುಮಾರಿಗೆ ಬಳ್ಳಾರಿಯಲ್ಲಿ ಏನಾದರೂ ಇರುತ್ತದೆ. ತೊಗಲುಗೊಂಬೆ ಆಟ ಸಿಕ್ಕರೆ ನಟರು ಹೋಗಲೇಬೇಕು. ಒಬ್ಬನೇ ಹಿಂದೆ ಕೂತು ಹನುಮಂತನಿಗೂ ಸೀತೆಗೂ ದನಿ ಕೊಡುವುದನ್ನು ಕೇಳಿದರೆ ನಾವೆಲ್ಲ ಎಷ್ಟು ಸೋಮಾರಿಗಳು ಅಂತ ಗೊತ್ತಾಗುತ್ತದೆ.

ನಾಟಕ ಮಾಡಿದರೆ ಸೀರಿಯಲ್‌ನಲ್ಲಿ ಚಾನ್ಸ್ ಸಿಗುತ್ತಾ?

ಗೊತ್ತಿಲ್ಲಪ್ಪ. ನಮ್ಮ ತಂಡದಿಂದ ಒಬ್ಬ ಬೆಂಗಳೂರಿಗೆ ಹೋದ. ಈಗ ಹಬ್ಬಕ್ಕೆ ಊರಿಗೆ ಬಂದಾಗಲೂ ತಾಲೀಮಿಗೆ ಬಂದು ಪುಸ್ತಕ ಹಿಡಿಯುತ್ತಾನೆ.

ನಾಟಕ ಮುಗಿದ ಮೇಲೆ ಗ್ರೀನ್ ರೂಮಿಗೆ ಬರಬಹುದಾ?

ಬನ್ನಿ. ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಉಜ್ಜುತ್ತಾ ಕೂತಿರುತ್ತೇವೆ, ದುರ್ಯೋಧನ ಬನಿಯನ್ ಮೇಲೆ ಇರುತ್ತಾನೆ. "ಚೆನ್ನಾಗಿತ್ತು" ಅಂತ ಹೇಳಿ ಹೋಗಬೇಡಿ, ಯಾವ ಮಾತು ಕೇಳಿಸಲಿಲ್ಲ ಅಂತ ಹೇಳಿ. ಬರುವಾಗ ಒಗ್ಗರಣೆ ಮಿರ್ಚಿ ತಂದರೆ ಹತ್ತು ಪ್ಲೇಟ್ ತನ್ನಿ, ಎಂಟು ಸಾಲುವುದಿಲ್ಲ.